ಕ್ಯಾರವಾನಿನ ಪ್ಲಗ್ ಮತ್ತೆ ಮತ್ತೆ ಸುಡುತ್ತಿದ್ದರೆ: ದೋಷ ಹುಡುಕುವ ಕ್ರಮ

ಮಾರ್ಚ್ ದಾಟಿತೆಂದರೆ ಕಲಬುರಗಿ ಕಡೆ ಬರುವ ಕ್ಯಾರವಾನುಗಳದ್ದು, ಒಳಗೆ ಹಾಸಿಗೆ, ಎಸಿ, ಸಣ್ಣ ಅಡುಗೆಕಟ್ಟೆ ಮಾಡಿಸಿಕೊಂಡ ಟೆಂಪೊ ಟ್ರಾವೆಲರುಗಳದ್ದು ಒಂದೇ ದೂರು. ಗಾಣಗಾಪುರದಲ್ಲಿ ರಾತ್ರಿ ಗಾಡಿ ನಿಲ್ಲಿಸಿ ಲಾಡ್ಜಿನ ಬೋರ್ಡಿಗೆ ವೈರ್ ಹಚ್ಚಿದ್ದರು, ಬೆಳಿಗ್ಗೆ ನೋಡಿದರೆ ಪ್ಲಗ್ ಕರಕಲು. ಕಲಬುರಗಿಗೆ ಬಂದು ಹೊಸ ಪ್ಲಗ್ ಹಾಕಿಸಿದರು, ಬೀದರ್ ಮುಟ್ಟುವಷ್ಟರಲ್ಲಿ ಅದೂ ಹೋಯಿತು. "ಮೊನ್ನಿನೇ ಹೊಸಾದು ಹಾಕ್ಸೀವ್ರಿ, ಮತ್ತ ಸುಟ್ಟದ ನೋಡ್ರಿ" ಎನ್ನುತ್ತ ಪ್ಲಗ್ ಕೈಗೆ ಕೊಡುತ್ತಾರೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ಪ್ಲಗ್ ಡುಪ್ಲಿಕೇಟ್, ಇಲ್ಲವೇ ಎಸಿ ಲೋಡ್ ಜಾಸ್ತಿ. ಒಮ್ಮೊಮ್ಮೆ ಅದೂ ನಿಜವೇ. ಆದರೆ ಬಿಚ್ಚಿ ನೋಡಿದಾಗ ಹೆಚ್ಚಿನ ಸುಟ್ಟ ಪ್ಲಗ್‌ಗಳಲ್ಲಿ ಕಾಣುವುದು ಇಷ್ಟು: ಕರೆಂಟ್ ತನ್ನ ಮಿತಿಯಲ್ಲೇ ಹರಿದಿದೆ, ಲೋಹಕ್ಕೆ ಲೋಹ ಕೂಡುವ ಯಾವುದೋ ಒಂದು ಜಾಗ ಸಡಿಲಾಗಿದೆ. ಆ ಜಾಗ ಪ್ಲಗ್ಗಿನಲ್ಲೇ ಇರಬೇಕೆಂದಿಲ್ಲ. ಸಾಕೆಟ್ಟಿನ ಒಳಗಿರಬಹುದು, ಬೋರ್ಡಿನ ಹಿಂದಿರಬಹುದು, ಗಾಡಿಯ ಪಕ್ಕದಲ್ಲಿ ಹೊರಗಿನ ವೈರ್ ಬಂದು ಕೂಡುವ ಇನ್ಲೆಟ್ಟಿನಲ್ಲಿರಬಹುದು. ಅದನ್ನು ಹುಡುಕದೆ ಪ್ಲಗ್ ಮಾತ್ರ ಬದಲಿಸುತ್ತ ಹೋದರೆ ಸುಡುವುದು ನಿಲ್ಲುವುದಿಲ್ಲ. ಒಳಗೆ ಮಕ್ಕಳು, ವಯಸ್ಸಾದವರು ಮಲಗಿರುವ ಗಾಡಿ ಇದು. ಒಂದು ಸಲ ಸುಟ್ಟಾಗಲೇ ಪೂರ್ತಿ ಹುಡುಕಿ ಮುಗಿಸುವುದು ಒಳ್ಳೆಯದು.

ಸುಟ್ಟ ವಾಸನೆ ಬಂದ ಕೂಡಲೇ

ಕೈ ತಾನಾಗಿಯೇ ಪ್ಲಗ್ ಕಡೆ ಹೋಗುತ್ತದೆ. ಹೋಗಬಾರದು. ಲೋಡ್ ಓಡುತ್ತಿರುವಾಗ ಪ್ಲಗ್ ಕಿತ್ತರೆ ಕಿಡಿ ಹಾರುತ್ತದೆ. ಪ್ಲಾಸ್ಟಿಕ್ ಕರಗಿದ್ದರೆ ಪಿನ್ನು ಸಾಕೆಟ್ಟಿನಲ್ಲೇ ಸಿಕ್ಕಿಕೊಂಡು ಬರಿ ತಂತಿ ಕೈಗೆ ಬರಬಹುದು. ಗಾಡಿಯೊಳಗಿದ್ದವರು ಎಸಿ, ಕೆಟಲ್, ಇಂಡಕ್ಷನ್ ಒಲೆ ಬಂದ್ ಮಾಡಲಿ. ಹೊರಗಿದ್ದವರು ಆ ಲೈನಿನ ಎಂಸಿಬಿಯನ್ನೋ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಮೇನ್ ಸ್ವಿಚ್ಚನ್ನೋ ತೆಗೆಯಲಿ. ಕಡೆಗೆ ಪ್ಲಗ್. ಬೋರ್ಡಿನ ಮೇಲಿನ ಸ್ವಿಚ್ ಒಂದನ್ನೇ ನಂಬಬೇಡಿ, ಹಳೆಯ ಕಟ್ಟಡಗಳಲ್ಲಿ ಸ್ವಿಚ್ಚನ್ನು ಕರೆಂಟ್ ವಾಪಸು ಹೋಗುವ ನ್ಯೂಟ್ರಲ್ ತಂತಿಗೆ ಹಾಕಿರುವುದುಂಟು. ಆಗ ಸ್ವಿಚ್ ಬಂದ್ ಇದ್ದರೂ ಸಾಕೆಟ್ಟಿನಲ್ಲಿ ಫೇಸ್, ಅಂದರೆ ಕರೆಂಟ್ ತರುವ ತಂತಿ, ಜೀವಂತವಾಗಿ ಇದ್ದೇ ಇರುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗಾಡಿ ನಿಂತಿರುವುದು ರಬ್ಬರ್ ಟೈರಿನ ಮೇಲೆ. ಅರ್ಥಿಂಗ್ ತಂತಿ ಸುಟ್ಟು ಕಡಿದಿದ್ದು, ಫೇಸ್ ಎಲ್ಲೋ ತಗಡಿಗೆ ತಾಗಿದ್ದರೆ, ಆ ಕರೆಂಟಿಗೆ ನೆಲಕ್ಕಿಳಿಯುವ ದಾರಿ ಇರುವುದಿಲ್ಲ. ನೆಲದ ಮೇಲೆ ನಿಂತು ಬಾಗಿಲ ಹಿಡಿ ಹಿಡಿದವರೇ ಆ ದಾರಿಯಾಗುತ್ತಾರೆ. ಹೀಗಾಗಿ ಮೇನ್ ತೆಗೆಯುವವರೆಗೆ ಹೊರಗಿನವರು ಗಾಡಿ ಮುಟ್ಟಬಾರದು, ಒಳಗಿನವರು ಇಳಿಯಬಾರದು. ಬೆಂಕಿಯೇ ಹತ್ತಿಕೊಂಡಿದ್ದರೆ ತಗಡು ಹಿಡಿಯದೆ, ಎರಡೂ ಕಾಲು ಕೂಡಿಸಿ ಹೊರಗೆ ಜಿಗಿಯಬೇಕು. ಕರೆಂಟ್ ಬೆಂಕಿಗೆ ನೀರು ಹಾಕಬೇಡಿ. ಒಣಪುಡಿಯ ಅಗ್ನಿಶಾಮಕ ಸಿಲಿಂಡರ್ ಒಂದನ್ನು ಬಾಗಿಲ ಹತ್ತಿರವೇ, ಕೈಗೆ ಸಿಗುವಂತೆ ಇಟ್ಟಿರಿ.

ಎಂಸಿಬಿ ಯಾಕೆ ಬೀಳಲಿಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಎಂಸಿಬಿ ನೋಡುವುದು ಕರೆಂಟ್ ಎಷ್ಟು ಹರಿಯುತ್ತಿದೆ ಎಂಬುದನ್ನು. 16 ಆಂಪಿಯರಿನ ಎಂಸಿಬಿಯ ಮೂಲಕ 12 ಆಂಪಿಯರ್ ಹರಿದರೆ ಅದರ ಮಟ್ಟಿಗೆ ಎಲ್ಲವೂ ಸರಿಯಾಗಿದೆ. ಆ 12 ಆಂಪಿಯರ್ ಸಡಿಲ ಜಾಗವೊಂದನ್ನು ದಾಟುವಾಗ ಅಲ್ಲಿ ಎಷ್ಟು ಕಾವು ಹುಟ್ಟುತ್ತಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಆರ್‌ಸಿಸಿಬಿಯದೂ ಇದೇ ಕತೆ. ಅದು ನೆಲಕ್ಕೆ ಸೋರುವ ಕರೆಂಟನ್ನು ಹಿಡಿಯುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಜೀವ ಉಳಿಸುತ್ತದೆ, ಗಾಡಿಯಲ್ಲಿ ಇರಲೇಬೇಕು. ಆದರೆ ಸಡಿಲ ಸಾಕೆಟ್ಟಿನಲ್ಲಿ ಫೇಸ್‌ನಿಂದ ಹೋದ ಕರೆಂಟೆಲ್ಲ ನ್ಯೂಟ್ರಲ್ಲಿನಲ್ಲಿ ವಾಪಸು ಬರುತ್ತಿರುತ್ತದೆ. ಆರ್‌ಸಿಸಿಬಿಗೆ ಲೆಕ್ಕ ಸರಿಹೋಗುತ್ತದೆ, ಸುಮ್ಮನಿರುತ್ತದೆ.

ಕಾವಿನ ಲೆಕ್ಕ ಹೀಗಿದೆ. ಕರೆಂಟನ್ನು ಅದರಿಂದಲೇ ಗುಣಿಸಿ, ಆ ಜಾಗದ ತಡೆಯಿಂದ (ರೆಸಿಸ್ಟೆನ್ಸ್, ಓಮ್‌ನಲ್ಲಿ) ಮತ್ತೆ ಗುಣಿಸಿದರೆ ಅಲ್ಲಿ ಹುಟ್ಟುವ ಕಾವು ವ್ಯಾಟ್‌ನಲ್ಲಿ ಸಿಗುತ್ತದೆ. ಗಟ್ಟಿಯಾಗಿ ಹಿಡಿದ ಪಿನ್ನಿನ ತಡೆ ಓಮಿನ ಸಾವಿರದ ಕೆಲವು ಭಾಗ ಮಾತ್ರ. 0.005 ಓಮ್ ಎಂದಿಟ್ಟುಕೊಂಡರೆ 16 ಆಂಪಿಯರಿಗೆ ಹುಟ್ಟುವುದು 1.3 ವ್ಯಾಟ್, ಕೈಗೆ ಬೆಚ್ಚಗೆ ಸಹ ಅನ್ನಿಸದು. ಅದೇ ಪಿನ್ನು ಸಡಿಲಾಗಿ ತಡೆ 0.1 ಓಮಿಗೆ ಏರಿದರೆ 25 ವ್ಯಾಟ್ ದಾಟುತ್ತದೆ. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ ಇರುವುದೂ 25 ವ್ಯಾಟಿನದೇ. ಸೀಸ ಕರಗಿಸುವ ಆ ಕಾವು ಪ್ಲಗ್ಗಿನೊಳಗೆ, ಗಾಳಿಯಾಡದ ಜಾಗದಲ್ಲಿ, ರಾತ್ರಿಯಿಡೀ ಕೂತಿರುತ್ತದೆ. ಆ ಹೊತ್ತಿಗೆ ವೋಲ್ಟೇಜ್ ಬಿದ್ದಿರುವುದು ಬರೀ 1.6 ವೋಲ್ಟ್. ದೀಪ ಮಂಕಾಗುವುದಿಲ್ಲ, ಎಸಿ ನಿಲ್ಲುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಫ್ಯಾನು, ಫ್ರಿಡ್ಜು ಹಚ್ಚಿದಾಗ ಏನೂ ಆಗದ ಪ್ಲಗ್ ಎಸಿ ಹಾಕಿದ ರಾತ್ರಿಯೇ ಸುಡುವುದಕ್ಕೂ ಇದೇ ಲೆಕ್ಕ ಕಾರಣ. ಕರೆಂಟ್ ಮೂರು ಪಟ್ಟಾದರೆ ಕಾವು ಒಂಬತ್ತು ಪಟ್ಟು.

ಕಾದ ಮೇಲೆ ಸಂಗತಿ ಇನ್ನೂ ಕೆಡುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಸ್ಪ್ರಿಂಗ್ ಪತ್ತಿ ಕಾವಿಗೆ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಬಿಗಿ ಹೋದರೆ ತಡೆ ಏರುತ್ತದೆ, ತಡೆ ಏರಿದರೆ ಕಾವು ಏರುತ್ತದೆ. ಲೋಹದ ಮೇಲೆ ಕಪ್ಪು ಕಿಲುಬು ಕೂರುತ್ತದೆ. ಇನ್ನೂ ಮುಂದುವರಿದರೆ ಪ್ಲಾಸ್ಟಿಕ್ಕೇ ಇದ್ದಿಲಾಗುತ್ತದೆ, ಇದ್ದಿಲು ಕರೆಂಟನ್ನು ಹಾಯಿಸುತ್ತದೆ. ಹೀಗೆ ಕೆಟ್ಟ ಸಾಕೆಟ್ಟು ಹೊಸ ಪ್ಲಗ್ಗನ್ನು ಕೆಡಿಸುತ್ತದೆ, ಕೆಟ್ಟ ಪ್ಲಗ್ಗು ಮುಂದಿನ ಊರಿನ ಒಳ್ಳೆಯ ಸಾಕೆಟ್ಟನ್ನು ಕೆಡಿಸುತ್ತದೆ. ಗಾಣಗಾಪುರದಲ್ಲಿ ಹುಟ್ಟಿದ ದೋಷ ಬೀದರಿಗೆ ಹೋಗುವುದು ಈ ದಾರಿಯಲ್ಲಿ.

ಸುಟ್ಟ ಗುರುತನ್ನು ಓದುವುದು

ಸುಟ್ಟ ಪ್ಲಗ್ಗನ್ನು ಎಸೆಯಬೇಡಿ. ಅದನ್ನು ಬಿಚ್ಚಿ, ಬಿಸಿಲಿಗೆ ಹಿಡಿದು ನಿಧಾನವಾಗಿ ನೋಡಿ. ಮೀಟರ್ ಹಿಡಿಯುವ ಮೊದಲೇ ಅರ್ಧ ಉತ್ತರ ಇಲ್ಲಿ ಸಿಗುತ್ತದೆ.

ಪಿನ್ನಿನ ಹೊರಭಾಗ, ಅಂದರೆ ಸಾಕೆಟ್ಟಿನೊಳಗೆ ಹೋಗುವ ಭಾಗ ಕಪ್ಪಾಗಿ, ಒಳಗೆ ತಂತಿ ಕಟ್ಟುವ ಸ್ಕ್ರೂ ಹೊಳೆಯುತ್ತಿದ್ದರೆ ದೋಷ ಸಾಕೆಟ್ಟಿನದು. ಅದರ ಸ್ಪ್ರಿಂಗ್ ಸತ್ತಿದೆ. ನಮ್ಮ ಕಡೆಯ ಲಾಡ್ಜು, ಛತ್ರ, ಧಾಬಾಗಳಲ್ಲಿ ಇದೇ ಹೆಚ್ಚು. ತೆಳು ಪಿನ್ನು, ದಪ್ಪ ಪಿನ್ನು ಎರಡನ್ನೂ ಒಂದೇ ತೂತಿನಲ್ಲಿ ಹಿಡಿಯುವ ಸಾಕೆಟ್ಟುಗಳಲ್ಲಿ ಬಿಗಿ ಬೇಗ ಹೋಗುತ್ತದೆ. ಪ್ಲಗ್ ಹಾಕಿದಾಗ ತನ್ನ ಭಾರಕ್ಕೇ ಜೋತುಬಿದ್ದರೆ, ಎರಡು ಬೆರಳಲ್ಲಿ ಸಲೀಸಾಗಿ ಎಳೆದರೆ ಬಂದುಬಿಟ್ಟರೆ, ಆ ಸಾಕೆಟ್ಟಿಗೆ ಎಸಿ ಹಚ್ಚಬಾರದು. ಕಾಗದ ಮಡಚಿ ಒತ್ತು ಕೊಡುವುದು, ಕಲ್ಲು ಆನಿಸುವುದು ಇವೆಲ್ಲ ಬೆಂಕಿಗೆ ಸೌದೆ ಇಟ್ಟುಕೊಡುವ ಕೆಲಸ.

ಪಿನ್ನು ಶುಭ್ರವಾಗಿದ್ದು ಒಳಗಿನ ಸ್ಕ್ರೂ ಸುತ್ತ ಕರಕಲಾಗಿದ್ದರೆ, ತಂತಿಯ ತೊಗಲು ಕಂದಾಗಿ ಗರಿಗರಿಯಾಗಿದ್ದರೆ, ತಪ್ಪು ತಂತಿ ಕಟ್ಟಿದ್ದರಲ್ಲಿದೆ. ಸ್ಕ್ರೂ ಸಡಿಲವಿತ್ತು, ಅಥವಾ ಎಳೆಗಳಲ್ಲಿ ಅರ್ಧ ಕತ್ತರಿಸಿಹೋಗಿ ಉಳಿದ ಅರ್ಧದ ಮೇಲೆ ಎಲ್ಲ ಕರೆಂಟ್ ಬಿದ್ದಿತ್ತು. ಸ್ಕ್ರೂ ಕೆಳಗೆ ತಂತಿಯ ತೊಗಲೇ ಸಿಕ್ಕಿಕೊಂಡಿರುವುದೂ ಉಂಟು. ಎಳೆಗಳಿಗೆ ಸೀಸ ಬೆಸೆದು ಸ್ಕ್ರೂ ಬಿಗಿಯುವ ಅಭ್ಯಾಸ ಹಲವರಿಗಿದೆ. ಮೊದಲು ಬಿಗಿಯಾಗಿ ಕಾಣುತ್ತದೆ. ಆದರೆ ಸೀಸ ಮೆತ್ತಗಿನ ಲೋಹ, ಒತ್ತಡಕ್ಕೆ ದಿನ ಕಳೆದಂತೆ ಜರುಗುತ್ತದೆ, ಸ್ಕ್ರೂ ತಾನಾಗಿ ಸಡಿಲಾಗುತ್ತದೆ. ಓಡುವ ಗಾಡಿಯ ನಡುಕ ಇದಕ್ಕೆ ಸೇರಿದರೆ ಕೇಳುವುದೇ ಬೇಡ.

ಫೇಸ್, ನ್ಯೂಟ್ರಲ್ ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಹಾಗಾಗಿ ಒಂದೇ ಪಿನ್ನು ಸುಟ್ಟು ಇನ್ನೊಂದು ಚೆನ್ನಾಗಿದ್ದರೆ ಅದು ಲೋಡಿನ ತಪ್ಪಲ್ಲ, ಆ ಒಂದು ಪಿನ್ನಿನ ದಾರಿಯಲ್ಲೇ ಸಡಿಲವಿದೆ. "ಎಸಿ ಹೆಚ್ಚು ಎಳೆದು ಸುಟ್ಟದ" ಎಂದು ಯಾರಾದರೂ ಹೇಳಿದರೆ ಇನ್ನೊಂದು ಪಿನ್ನನ್ನು ತೋರಿಸಿ. ಎರಡೂ ಸರಿಸಮ ಸುಟ್ಟಿದ್ದರೆ ಮಾತ್ರ ಲೋಡಿನ ಮೇಲೆ ಅನುಮಾನ ಪಡಬಹುದು.

ಪಿನ್ನಿನ ತುದಿಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದು, ಹೊಗೆಯ ಕಲೆ ಇದ್ದರೆ ಲೋಡ್ ಇರುವಾಗಲೇ ಹಾಕಿ ತೆಗೆದಿದ್ದಾರೆ ಎಂದರ್ಥ. ವೈರು ಉದ್ದಕ್ಕೂ ಬಿಸಿಯಾಗಿದ್ದರೆ ತಂತಿ ತೆಳುವಾಯಿತು, ಅಥವಾ ಸುರುಳಿ ಬಿಚ್ಚದೆ ಹಾಗೇ ಹಚ್ಚಿದ್ದರು. ಒಂದೇ ಕಡೆ, ಉದಾಹರಣೆಗೆ ಬಾಗಿಲ ಸಂದಿಯಲ್ಲಿ ಸಿಕ್ಕಿದ ಕಡೆ ಬಿಸಿಯಾಗಿದ್ದರೆ ಅಲ್ಲಿ ಒಳಗೆ ಎಳೆ ಕಡಿದಿವೆ.

ಗಾಡಿಯ ಹೊರಮೈಯ ಇನ್ಲೆಟ್ ಮುಚ್ಚಳ ತೆಗೆದು ಒಳಗೂ ನೋಡಬೇಕು, ಇದನ್ನು ಮರೆಯುವವರೇ ಹೆಚ್ಚು. ಹಸಿರು ಕಿಲುಬಿದ್ದರೆ ಮಳೆನೀರು, ಗಾಡಿ ತೊಳೆದ ನೀರು ಒಳಗಿಳಿದಿದೆ. ವಾಡಿ, ಶಹಾಬಾದ್, ಸೇಡಂ ಸುತ್ತಮುತ್ತ ಓಡಾಡಿದ ಗಾಡಿಯಾದರೆ ಸಿಮೆಂಟಿನ ನುಣುಪು ದೂಳು ಕೂತಿರುತ್ತದೆ. ತೇವ ತಾಗಿದರೆ ಅದು ಪಿನ್ನುಗಳ ನಡುವೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಇನ್ಲೆಟ್ಟಿನ ಹಿಂಭಾಗದ ಸ್ಕ್ರೂಗಳು ಗಾಡಿಯೊಳಗಿನ ಪ್ಲೈವುಡ್ ಹಿಂದೆ ಅಡಗಿರುತ್ತವೆ. ಪ್ಲೈವುಡ್ ಬಿಚ್ಚದೆ ಪರೀಕ್ಷೆ ಮುಗಿಯಿತು ಅನ್ನಬೇಡಿ.

ಇನ್ನು ಮೂಗು. ಸಾಕೆಟ್ಟು ಕಾಯುವಾಗ ಕೆಲವು ಬಗೆಯ ಪ್ಲಾಸ್ಟಿಕ್ ಕೆಟ್ಟ ಮೀನಿನಂಥ ವಾಸನೆ ಬಿಡುತ್ತದೆ. ಹತ್ತಿರ ಮೀನು ಇಲ್ಲದೆ ಮೀನಿನ ವಾಸನೆ ಬಂದರೆ, ಬೋರ್ಡಿನಿಂದ ಚರಚರ ಸದ್ದು ಕೇಳಿದರೆ, ಹೊಗೆ ಕಾಣುವವರೆಗೆ ಕಾಯಬೇಡಿ.

ಮೀಟರ್ ಹಿಡಿದು ಜಾಗ ಹುಡುಕುವುದು

ಸುಟ್ಟಿದ್ದನ್ನೆಲ್ಲ ಬದಲಿಸಿದ ಮೇಲೆ, ಅಥವಾ ಸುಡುವ ಮೊದಲೇ ಅನುಮಾನ ಬಂದಾಗ ಮಾಡುವ ಪರೀಕ್ಷೆ ಇದು. ಒಂದು ಮಲ್ಟಿಮೀಟರ್, 1500 ವ್ಯಾಟಿನ ಒಂದು ಕೆಟಲ್ ಸಾಕು. ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಬೋರ್ಡು ಬಿಚ್ಚಿ ಅಳೆಯಬೇಕಾದ ಹಂತ ಬಂದರೆ ಅದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ. ಕೆಳಗಿನದೆಲ್ಲ ಸಾಕೆಟ್ಟಿನ ತೂತಿನಲ್ಲೇ ಅಳೆಯುವಂಥದ್ದು.

ಮೊದಲು ಗಾಡಿಯೊಳಗಿನ ಸಾಕೆಟ್ಟಿನಲ್ಲಿ ಲೋಡ್ ಇಲ್ಲದೆ ವೋಲ್ಟೇಜ್ ಬರೆದುಕೊಳ್ಳಿ. 231 ಬಂತು ಎಂದುಕೊಳ್ಳೋಣ. ಈಗ ಕೆಟಲ್ ಹಚ್ಚಿ, ಸುಮಾರು ಆರೂವರೆ ಆಂಪಿಯರ್ ಹರಿಯುತ್ತದೆ. ಅದೇ ಸಾಕೆಟ್ಟಿನ ಪಕ್ಕದ ತೂತಿನಲ್ಲಿ ಮತ್ತೆ ಅಳೆಯಿರಿ. 227, 228 ಬಂದರೆ ನೆಮ್ಮದಿ. 215 ಬಂದರೆ ದಾರಿಯಲ್ಲಿ ಎಲ್ಲೋ ಏನೋ ಇದೆ.

ಎಲ್ಲಿ ಎಂದು ತಿಳಿಯಲು ಕೆಟಲ್ ಓಡುತ್ತಿರುವಾಗಲೇ ಇನ್ನೊಬ್ಬರು ಲಾಡ್ಜಿನ ಬೋರ್ಡಿನಲ್ಲಿ, ನಮ್ಮ ಪ್ಲಗ್ ಪಕ್ಕದ ಸಾಕೆಟ್ಟಿನಲ್ಲಿ ಅಳೆಯಬೇಕು. ಅಲ್ಲೂ 217ಕ್ಕೆ ಇಳಿದಿದ್ದರೆ ದೋಷ ಬೋರ್ಡಿನ ಆಚೆ, ಕಟ್ಟಡದ ವೈರಿಂಗಿನಲ್ಲಿ ಅಥವಾ ಅದಕ್ಕೂ ಹಿಂದೆ ಇದೆ. ಅಲ್ಲಿ 229 ನಿಂತಿದ್ದು ಗಾಡಿಯಲ್ಲಿ 215 ಇದ್ದರೆ, ಆ 14 ವೋಲ್ಟ್ ಕಳೆದುಹೋಗಿರುವುದು ಸಾಕೆಟ್ಟು, ಪ್ಲಗ್ಗು, ವೈರು, ಇನ್ಲೆಟ್ಟು ಈ ನಾಲ್ಕರ ನಡುವೆಯೇ. 14 ವೋಲ್ಟ್, ಆರು ಆಂಪಿಯರ್ ಎಂದರೆ ಸುಮಾರು 85 ವ್ಯಾಟ್ ಕಾವು ಅಲ್ಲೆಲ್ಲೋ ಹುಟ್ಟುತ್ತಿದೆ. ಉದ್ದನೆಯ ವೈರಿನ ಮೇಲೆ ಹರಡಿ ಹುಟ್ಟಿದ್ದರೆ ಅಷ್ಟು ಅಪಾಯವಿಲ್ಲ, ಒಂದೇ ಸ್ಕ್ರೂ ಕೆಳಗೆ ಹುಟ್ಟಿದ್ದರೆ ಅದು ಬೆಂಕಿ.

ವೈರಿನ ಪಾಲು ಎಷ್ಟು ಎಂಬುದನ್ನು ಲೆಕ್ಕ ಹಾಕಬಹುದು. 25 ಮೀಟರ್ ಉದ್ದದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಹೋಗಿ ಬರುವ ದಾರಿ ಸೇರಿ 0.37 ಓಮ್ ತಡೆ ಕೊಡುತ್ತದೆ. ಕೆಟಲ್ ಲೋಡಿಗೆ ಎರಡೂವರೆ ವೋಲ್ಟ್ ಬೀಳಬೇಕು. ಅದೇ ಉದ್ದಕ್ಕೆ 1 ಸ್ಕ್ವೇರ್ ಎಂಎಂ ವೈರಾದರೆ ಸುಮಾರು ಆರು ವೋಲ್ಟ್. ನಿಮ್ಮ ಅಳತೆಯಲ್ಲಿ ಬಿದ್ದ ವೋಲ್ಟೇಜ್ ಈ ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರೆ, ಹೆಚ್ಚಾದಷ್ಟೂ ಸಡಿಲ ಜೋಡಣೆಯ ಪಾಲು.

ಕೊನೆಯ ಪರೀಕ್ಷೆ ಕೈಯದು. ಎಸಿಯಂಥ ಲೋಡನ್ನು ಅರ್ಧ ಗಂಟೆ ಓಡಿಸಿ, ಬಂದ್ ಮಾಡಿ, ಮೇನ್ ತೆಗೆದು, ಕೂಡಲೇ ಪ್ಲಗ್ಗಿನ ಮೈ, ಸಾಕೆಟ್ಟಿನ ಮುಖ, ಇನ್ಲೆಟ್ಟಿನ ಸುತ್ತ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಹಿಡಿದುಕೊಂಡಿರಲು ಆಗದಷ್ಟು ಬಿಸಿ ಎಂದರೆ 60 ಡಿಗ್ರಿ ಆಸುಪಾಸು, ಅದೇ ನಿಮ್ಮ ಜಾಗ. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಲೋಡ್ ಓಡುತ್ತಿರುವಾಗಲೇ ಅಳೆಯಬಹುದು. ಆದರೆ ಹೊಳೆಯುವ ಹಿತ್ತಾಳೆಯ ಮೇಲೆ ಹಿಡಿದರೆ ಅದು ಬಿಸಿಯನ್ನು ಕಡಿಮೆ ತೋರಿಸುತ್ತದೆ, ಪ್ಲಾಸ್ಟಿಕ್ ಮೇಲೆ ಹಿಡಿಯಿರಿ.

ಮೇ ತಿಂಗಳಲ್ಲಿ ಹೆಚ್ಚು ಯಾಕೆ?

ಸಾಧಾರಣ ಪಿವಿಸಿ ತೊಗಲಿನ ತಂತಿಗೆ ತಯಾರಕರು ಕೊಡುವ ಮಿತಿ 70 ಡಿಗ್ರಿ ಸೆಲ್ಸಿಯಸ್. ಪ್ಲಗ್ಗಿನೊಳಗೆ ಕರೆಂಟಿನಿಂದ 30 ಡಿಗ್ರಿ ಏರುತ್ತದೆ ಎಂದಿಟ್ಟುಕೊಳ್ಳಿ. ಡಿಸೆಂಬರಿನ ರಾತ್ರಿ ಬೀದರಿನಲ್ಲಿ ಗಾಳಿಯೇ 14 ಡಿಗ್ರಿ ಇದ್ದರೆ ಒಟ್ಟು 44. ಅದೇ ಪ್ಲಗ್ಗು, ಅದೇ ಸಡಿಲ, ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ 43 ಡಿಗ್ರಿಯಲ್ಲಿ 73ಕ್ಕೆ ಹೋಗುತ್ತದೆ. ಮೇಲಿನಿಂದ ಬಿಸಿಲು ನೇರ ಬೀಳುತ್ತಿದ್ದರೆ, ಕೆಳಗೆ ಕಾದ ಶಹಾಬಾದ್ ಬಂಡೆಯ ಹಾಸು ಇದ್ದರೆ ಇನ್ನೂ ಮೇಲೆ. ಚಳಿಗಾಲದ ಪ್ರವಾಸದಲ್ಲಿ ಏನೂ ಆಗಲಿಲ್ಲ ಎಂಬುದು ಜೋಡಣೆ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ವೈರನ್ನೂ ಪ್ಲಗ್ಗನ್ನೂ ಗಾಡಿಯ ನೆರಳಿನಲ್ಲಿ, ನೆಲದಿಂದ ಎತ್ತಿ ಇಡಿ.

ಬಿಸಿಲಿನ ಜೊತೆ ಎಸಿಯೂ ಬಿಡುವಿಲ್ಲದೆ ಓಡುತ್ತದೆ. ಹೊರಗೆ ತಂಪಿದ್ದಾಗ ಕಂಪ್ರೆಸರ್ ನಿಂತು ನಿಂತು ಓಡುವುದರಿಂದ ಪ್ಲಗ್ಗಿಗೆ ಆರಲು ಸಮಯ ಸಿಗುತ್ತದೆ, ಮೇ ತಿಂಗಳಲ್ಲಿ ಅದು ಇಲ್ಲ. ವೋಲ್ಟೇಜ್ ಬಿದ್ದರೆ ಕೆಟಲ್ಲಿನಂಥ ಕಾಯಿಸುವ ಸಾಮಾನು ಕಡಿಮೆ ಕರೆಂಟ್ ಎಳೆಯುತ್ತದೆ, ಎಸಿಯ ಮೋಟಾರು ಹೆಚ್ಚು ಎಳೆಯುತ್ತದೆ. ಯಾದಗಿರಿ, ಸುರಪುರ, ಶಹಾಪುರ ಕಡೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಬಿಟ್ಟ ಹೊತ್ತಿನಲ್ಲಿ ವೋಲ್ಟೇಜ್ 190ರ ಆಸುಪಾಸಿಗೆ ಇಳಿದರೆ ಎಸಿ ಬಂದ್ ಮಾಡಿ ಫ್ಯಾನ್ ಹಾಕಿಕೊಳ್ಳುವುದೇ ಲೇಸು. ಗಾಡಿಯೊಳಗೆ ಕಣ್ಣಿಗೆ ಕಾಣುವಂತೆ ಒಂದು ವೋಲ್ಟ್ ಮೀಟರ್ ಹಾಕಿಸಿಟ್ಟರೆ ಈ ನಿರ್ಧಾರ ಸುಲಭ.

16 ಆಂಪಿಯರ್ ಎಂದು ಬರೆದ ಸಾಕೆಟ್ಟಿನಿಂದ ಗಂಟೆಗಟ್ಟಲೆ 16 ಆಂಪಿಯರ್ ಎಳೆಯಬಾರದು. ಐದರಲ್ಲಿ ನಾಲ್ಕು ಪಾಲು, ಅಂದರೆ 12ರಿಂದ 13 ಆಂಪಿಯರಿಗೆ ನಿಲ್ಲಿಸಿ. 2000 ವ್ಯಾಟಿನ ಇಂಡಕ್ಷನ್ ಒಲೆ ಒಂದೇ 8.7 ಆಂಪಿಯರ್ ತೆಗೆದುಕೊಳ್ಳುತ್ತದೆ. ಎಸಿ ಓಡುವಾಗ ಅದರ ಮೇಲೆ ರೊಟ್ಟಿ ಬೇಯಿಸಿ, ಪಕ್ಕದಲ್ಲಿ ಕೆಟಲ್ಲಿಟ್ಟರೆ ಲೆಕ್ಕ ಮೀರಿತು.

ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು

ವರಾಂಡದ ಮೊಬೈಲ್ ಚಾರ್ಜಿಂಗ್ ಬೋರ್ಡಿಗೆ ಕನ್ವರ್ಟರ್ ಪ್ಲಗ್ ಹಾಕಿ ಗಾಡಿ ಹಚ್ಚುವುದು ಈ ತೊಂದರೆಯ ದೊಡ್ಡ ಬೇರು. 6 ಆಂಪಿಯರಿನ ಸಾಕೆಟ್ಟು ಕನ್ವರ್ಟರ್ ಹಾಕಿದ್ದಕ್ಕೆ 16 ಆಂಪಿಯರ್ ಆಗುವುದಿಲ್ಲ, ಅದರ ಹಿಂದೆ ತೆಳು ವೈರು ಇದ್ದೇ ಇರುತ್ತದೆ. ಲಾಡ್ಜಿನವರನ್ನು ಕೇಳುವ ರೀತಿಯೂ ಮುಖ್ಯ. "ಅಣ್ಣಾರ, ಇಲ್ಲಿ ಹಚ್ಚಿದ್ರ ನಡೀತದೇನ್ರಿ?" ಎಂದು ಕೇಳಿದರೆ "ನಡೀತದ್ರಿ, ಹಚ್ಚ್ರಿ" ಎಂದೇ ಉತ್ತರ. "ಗೀಜರಿಂದರೆ ಎಸಿದರೆ ಬ್ಯಾರೆ ಪಾಯಿಂಟ್ ಎಲ್ಲದರಿ?" ಎಂದು ಕೇಳಿ. ಗೀಜರ್, ಎಸಿ ಪಾಯಿಂಟಿಗೆ ಸಾಮಾನ್ಯವಾಗಿ ಪ್ರತ್ಯೇಕ ಎಂಸಿಬಿ, ದಪ್ಪ ವೈರು ಇರುತ್ತದೆ.

ಬರಿ ತಂತಿಯನ್ನು ಸಾಕೆಟ್ಟಿಗೆ ಚುಚ್ಚಿ ಬೆಂಕಿಕಡ್ಡಿ ಸಿಗಿಸುವುದು ಜಾತ್ರೆಗಳಲ್ಲಿ ಇನ್ನೂ ಕಾಣುತ್ತದೆ. ದಯವಿಟ್ಟು ಯಾವ ಕಾರಣಕ್ಕೂ ಬೇಡ.

ಜಾತ್ರೆಯ ಮಾತು ಬಂತು. ಹೋಳಿ ಹುಣ್ಣಿಮೆಯ ನಂತರದ ಶರಣಬಸವೇಶ್ವರ ಜಾತ್ರೆಯಾಗಲಿ, ಬೀದರಿನ ಝರಣಿ ನರಸಿಂಹ, ನಾನಕ್ ಝೀರಾ ಕಡೆ ಜನ ಸೇರುವ ದಿನಗಳಾಗಲಿ, ಬಯಲಿನಲ್ಲಿ ತಾತ್ಕಾಲಿಕವಾಗಿ ಎಳೆದ ಲೈನಿನಿಂದ ಕರೆಂಟ್ ಪಡೆಯುವಾಗ ಒಂದು ಬೇರೆಯೇ ಅಪಾಯವಿದೆ. ತ್ರೀಫೇಸ್ ಲೈನಿನಿಂದ ಒಂದೊಂದು ಫೇಸನ್ನು ಅಂಗಡಿಗಳಿಗೆ, ಗಾಡಿಗಳಿಗೆ ಹಂಚಿರುತ್ತಾರೆ, ನ್ಯೂಟ್ರಲ್ ಎಲ್ಲರಿಗೂ ಒಂದೇ. ಆ ನ್ಯೂಟ್ರಲ್ ಜೋಡಣೆ ಸಡಿಲಾಗಿ ಸುಟ್ಟು ಕಡಿದರೆ ನಿಮ್ಮ ಸಾಕೆಟ್ಟಿಗೆ 230 ಬದಲು 300, 350, ಹದಗೆಟ್ಟರೆ 400 ವೋಲ್ಟ್‌ವರೆಗೂ ಬರಬಹುದು. ದೀಪ ಒಮ್ಮೆಲೇ ಬೆಳ್ಳಗಾಗಿ ಉರಿದರೆ, ಪಕ್ಕದವರದು ಮಂಕಾದರೆ, ಅದೇ ಲಕ್ಷಣ. ಓಡಿಹೋಗಿ ಮೇನ್ ತೆಗೆಯಿರಿ. ವೋಲ್ಟೇಜ್ ಹೆಚ್ಚಾದರೂ ಕಡಿಮೆಯಾದರೂ ತಾನೇ ಕಡಿಯುವ ಪ್ರೊಟೆಕ್ಟರನ್ನು ಗಾಡಿಯ ಎಂಸಿಬಿ ಡಬ್ಬಿಯಲ್ಲೇ ಹಾಕಿಸಬಹುದು, ಹಾಕಿಸಿ.

ಅರ್ಥಿಂಗ್ ಇದೆಯೇ ಎಂದೂ ನೋಡಿಕೊಳ್ಳಬೇಕು. ಕಲಬುರಗಿ, ಯಾದಗಿರಿಯ ಎರೆಭೂಮಿ ಬೇಸಿಗೆಗೆ ಬಿರುಕು ಬಿಟ್ಟು ಅರ್ಥಿಂಗ್ ಸಲಾಕೆಯಿಂದ ದೂರ ಸರಿಯುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಒಣಗಿದರೆ ಕರೆಂಟನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ಪದ್ಧತಿ ಇದಕ್ಕಾಗಿಯೇ. ಮೀಟರಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಅಳೆದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ ಬಂದಷ್ಟೇ ಹೆಚ್ಚು ಕಡಿಮೆ ಬರಬೇಕು. ನೂರರ ಆಸುಪಾಸು ಅಲುಗಾಡುತ್ತಿದ್ದರೆ ಆ ತೂತಿನ ಹಿಂದೆ ಅರ್ಥಿಂಗ್ ತಂತಿಯೇ ಇಲ್ಲ. ಅಲ್ಲಿ ಗಾಡಿ ಹಚ್ಚಬೇಡಿ.

ದುರಸ್ತಿ

ಪ್ಲಗ್ ಸುಟ್ಟರೆ ಅದು ಕೂಡಿದ್ದ ಸಾಕೆಟ್ಟನ್ನೂ ಬದಲಿಸಬೇಕು. ಲಾಡ್ಜಿನ ಸಾಕೆಟ್ಟಾದರೆ ಅವರಿಗೆ ತೋರಿಸಿ, ಹೇಳಿ. ಮುಂದೆ ಅಲ್ಲಿಗೆ ಬರುವವರ ಗಾಡಿ ಉಳಿಯುತ್ತದೆ. ಕಪ್ಪಾದ ಪಿನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಬಳಸುವುದರಿಂದ ಉಪಯೋಗವಿಲ್ಲ. ಮೇಲಿನ ಲೇಪ ಹೋಗಿ ಇನ್ನೂ ಬೇಗ ಕಿಲುಬು ಹತ್ತುತ್ತದೆ, ಮೈ ತಗ್ಗುದಿಣ್ಣೆಯಾಗಿ ಸರಿಯಾಗಿ ಕೂರುವುದೂ ಇಲ್ಲ.

ತಂತಿಯನ್ನು ಹಿಂದಕ್ಕೆ ಕತ್ತರಿಸುತ್ತ ಹೋಗಿ. ತಾಮ್ರ ಕಪ್ಪಾಗಿದ್ದಷ್ಟೂ ಉದ್ದ ತೆಗೆಯಬೇಕು, ಹೊಳೆಯುವ ತಾಮ್ರ ಸಿಗುವವರೆಗೆ. ಸುಟ್ಟ ತುದಿಯಲ್ಲೇ ಸ್ಕ್ರೂ ಬಿಗಿದರೆ ಎಂಥ ಒಳ್ಳೆಯ ಪ್ಲಗ್ಗೂ ಉಳಿಯದು. ಎಳೆಗಳಿಗೆ ತಾಮ್ರದ ಸಣ್ಣ ಕೊಳವೆ ಲಗ್ ಹಾಕಿ, ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ, ಆಮೇಲೆ ಸ್ಕ್ರೂ ಬಿಗಿಯಿರಿ. ಕೇಬಲ್ಲಿನ ಮೇಲ್ತೊಗಲನ್ನು ಹಿಡಿಯುವ ಪಟ್ಟಿ ಬಿಟ್ಟುಬಿಡಬೇಡಿ, ಅದಿಲ್ಲದಿದ್ದರೆ ಎಳೆದಾಗಿನ ಭಾರವೆಲ್ಲ ಸ್ಕ್ರೂ ಮೇಲೆ ಬೀಳುತ್ತದೆ. ಮೊದಲ ಸಲ ಚೆನ್ನಾಗಿ ಲೋಡ್ ಹಾಕಿ ಆರಿದ ಮೇಲೆ, ಮೇನ್ ತೆಗೆದು, ಒಮ್ಮೆ ಮತ್ತೆ ಬಿಗಿಯಿರಿ. ಒಂದಿಷ್ಟು ದೂರ ಓಡಿದ ಮೇಲೆ ಇನ್ಲೆಟ್ಟಿನ ಸ್ಕ್ರೂಗಳಿಗೂ ಇದನ್ನೇ ಮಾಡಿ.

ಪ್ಲಗ್ಗು, ಸಾಕೆಟ್ಟು ಐಎಸ್ 1293 ಎಂಬ ಸಂಖ್ಯೆಯೊಂದಿಗೆ ಐಎಸ್ಐ ಗುರುತಿರುವ 16 ಆಂಪಿಯರಿನವಾಗಿರಲಿ. ವೈರು 2.5 ಸ್ಕ್ವೇರ್ ಎಂಎಂ, ಫೇಸ್, ನ್ಯೂಟ್ರಲ್, ಅರ್ಥಿಂಗ್ ಮೂರೂ ತಂತಿ ಇರುವ, ತಾಮ್ರದ ಫ್ಲೆಕ್ಸಿಬಲ್ ಕೇಬಲ್. ಹಚ್ಚುವಾಗ ಸುರುಳಿ ಪೂರ್ತಿ ಬಿಚ್ಚಿ ಹರಡಬೇಕು. ಕಟ್ಟಡದ ಕಡೆ ಅಲ್ಯೂಮಿನಿಯಂ ಸರ್ವಿಸ್ ವೈರಿಗೆ ತಾಮ್ರವನ್ನು ನೇರ ಸುತ್ತಿ ಟೇಪು ಹಚ್ಚಿದ್ದು ಕಂಡರೆ ಅಲ್ಲಿಂದ ಎಸಿ ಓಡಿಸಬೇಡಿ. ಆ ಎರಡು ಲೋಹ ಕೂಡಿದ ಕಡೆ ತೇವ ತಾಗಿದರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ, ಅದಕ್ಕೆ ಬೇರೆಯೇ ಬೈಮೆಟಲ್ ಲಗ್ ಇದೆ.

ಗಾಡಿಯ ಕಡೆ ನೀಲಿ ಬಣ್ಣದ, ಗುಂಡು ಪಿನ್ನಿನ ಇಂಡಸ್ಟ್ರಿಯಲ್ ಪ್ಲಗ್ ಹಾಕಿಸುವುದು ನನ್ನ ಮಟ್ಟಿಗೆ ಅತ್ಯುತ್ತಮ ಖರ್ಚು. ಐಇಸಿ 60309 ಎಂಬ ಅಂತರರಾಷ್ಟ್ರೀಯ ಮಾನಕದ ಪ್ಲಗ್ ಇದು, ಯುರೋಪಿನ ಕ್ಯಾರವಾನುಗಳಲ್ಲಿ ಇರುವುದೂ ಇದೇ. ಪಿನ್ನನ್ನು ಸುತ್ತಲೂ ಹಿಡಿಯುತ್ತದೆ, ಮುಚ್ಚಳವಿದೆ, ಜೋತುಬೀಳುವುದಿಲ್ಲ. ಕಟ್ಟಡದ ಕಡೆಗೆ ಮಾತ್ರ ನಮ್ಮ ಮಾಮೂಲಿ 16 ಆಂಪಿಯರಿನ ತ್ರೀಪಿನ್ ಬೇಕಾಗುತ್ತದೆ. ಅದಕ್ಕೆ ಒಂದು ಗಿಡ್ಡ ವೈರಿನ ತುಂಡು ಮಾಡಿಟ್ಟುಕೊಳ್ಳಿ: ಒಂದು ತುದಿಗೆ ತ್ರೀಪಿನ್, ಇನ್ನೊಂದಕ್ಕೆ ನೀಲಿ ಕನೆಕ್ಟರ್. ಲಾಡ್ಜಿನ ಕೆಟ್ಟ ಸಾಕೆಟ್ಟಿನಿಂದ ಸುಟ್ಟರೆ ಆ ತುಂಡು ಹೋಗುತ್ತದೆ, ಉದ್ದನೆಯ ಕೇಬಲ್ ಉಳಿಯುತ್ತದೆ. ಆದರೆ ಇಂಥ ತುಂಡುಗಳನ್ನು ಒಂದಕ್ಕೊಂದು ಸಿಗಿಸುತ್ತ ಹೋಗಬೇಡಿ, ಪ್ರತಿ ಜೋಡಣೆಯೂ ಕಾಯಬಲ್ಲ ಇನ್ನೊಂದು ಜಾಗ.

ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿ ಸಾಮಾನು ತರಿಸುವವರಿಗೆ ಒಂದು ಮಾತು. ಅಲ್ಲಿಯ ಗಾಡಿಗಳದ್ದು 120 ವೋಲ್ಟ್, 30 ಆಂಪಿಯರಿನ ಮೂರು ಪಿನ್ನು, ಇಲ್ಲವೇ 50 ಆಂಪಿಯರಿನ ನಾಲ್ಕು ಪಿನ್ನು. 30 ಆಂಪಿಯರಿನ ಪ್ಲಗ್ ಕೊಡುವ 3600 ವ್ಯಾಟನ್ನು ನಮ್ಮ 230 ವೋಲ್ಟಿನ 16 ಆಂಪಿಯರ್ ಪ್ಲಗ್ಗೇ ಕೊಡುತ್ತದೆ. ಪ್ಲಗ್ ಸುಡುವ ಕಾರಣ ಎರಡೂ ಕಡೆ ಒಂದೇ, ಹುಡುಕುವ ಬಗೆಯೂ ಒಂದೇ. ಆದರೆ ಅಲ್ಲಿಯ ಸರ್ಜ್ ಪ್ರೊಟೆಕ್ಟರು, ಅಡಾಪ್ಟರುಗಳನ್ನು ಇಲ್ಲಿಗೆ ತಂದು ಹಚ್ಚಬಾರದು.

ಗಾಡಿಯೊಳಗಿನ 12 ವೋಲ್ಟ್ ಭಾಗವನ್ನೂ ಒಮ್ಮೆ ಕೈಯಾಡಿಸಿ ನೋಡಿ. ಬ್ಯಾಟರಿಯಿಂದ ಇನ್ವರ್ಟರ್ ಮೂಲಕ 1000 ವ್ಯಾಟ್ ತೆಗೆದರೆ ಬ್ಯಾಟರಿಯ ಕಡೆ 90 ಆಂಪಿಯರ್ ದಾಟುತ್ತದೆ. ಅಲ್ಲಿ ಸಡಿಲದಿಂದ ಓಮಿನ ಸಾವಿರದಲ್ಲೊಂದು ಭಾಗದಷ್ಟು ತಡೆ ಇದ್ದರೂ ಎಂಟು ವ್ಯಾಟ್ ಕಾವು. ಬ್ಯಾಟರಿಯ ಲಗ್ಗಿನ ನಟ್ಟು ಬಿಗಿಯಾಗಿರಲಿ, ಫ್ಯೂಸು ಬ್ಯಾಟರಿಗೆ ಆದಷ್ಟು ಹತ್ತಿರವಿರಲಿ.

ಇಷ್ಟೆಲ್ಲ ಮಾಡಿಯೂ ಬೋರ್ಡಿನಲ್ಲೇ ವೋಲ್ಟೇಜ್ ಕುಸಿಯುತ್ತಿದ್ದರೆ, ಇಡೀ ಕಟ್ಟಡದ ದೀಪ ಮಿಣುಕುತ್ತಿದ್ದರೆ, ಮೀಟರ್ ಹತ್ತಿರವೋ ಕಂಬದ ಮೇಲೋ ಕಿಡಿ ಕಾಣುತ್ತಿದ್ದರೆ ಅದು ನಿಮ್ಮ ಕೈಯ ಕೆಲಸವೂ ಅಲ್ಲ, ಲಾಡ್ಜಿನವರ ವೈರ್‌ಮನ್ ಕೆಲಸವೂ ಅಲ್ಲ. ಗಾಡಿಯ ಪ್ಲಗ್ ತೆಗೆದಿಟ್ಟು, 1912ಕ್ಕೆ ಫೋನ್ ಮಾಡಿ ಕರೆಂಟ್ ಕಂಪನಿ ಜೆಸ್ಕಾಂಗೆ ತಿಳಿಸಿ. ಕಂಬದ ಮೇಲಿನ ಸಂಖ್ಯೆ ಕಂಡರೆ ಅದನ್ನೂ ಹೇಳಿ, ಲೈನ್‌ಮನ್ನರಿಗೆ ಜಾಗ ಬೇಗ ಸಿಗುತ್ತದೆ.